ಶಿರಸಿ ನಿಲ್ದಾಣದಲ್ಲಿ ಇಳಕಲ್ಲಿನ ದನಿ

ಸಿದ್ದಾಪುರದ ಆಚೆ ಒಂದು ತಿರುವಿನಲ್ಲಿ ನಾನು ಒಬ್ಬ ಅಜ್ಜಿಯನ್ನು ನಡುಕಾಡಿನಲ್ಲಿ ಇಳಿಸಲು ಹೊರಟಿದ್ದೆ. ಕಂಡಕ್ಟರ್ ಕೆಲಸಕ್ಕೆ ಸೇರಿ ಅದು ನನ್ನ ಮೂರನೆಯ ದಿನ. "ಇಲ್ಲಿ ಇಳೀತೀರೇನ್ರಿ?" ಎಂದು ಕೇಳಿದೆ. ಅಜ್ಜಿ "ಇಲ್ಲೆ" ಎಂದರು. ನಾನು ಸೀಟಿ ಊದಿದೆ, ಬಸ್ಸು ನಿಂತಿತು. ಅಜ್ಜಿ ಏಳಲಿಲ್ಲ. ಇಳಿಯಿರಿ ಎಂದು ಒತ್ತಾಯಿಸಿದರೆ "ಇಲ್ಲೆ, ಇಲ್ಲೆ" ಎನ್ನುತ್ತ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಅವರು ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದು ನನಗೆ, ಈ ಹುಡುಗಿ ತನ್ನನ್ನು ಕಾಡಿಗೆ ತಳ್ಳುತ್ತಿದ್ದಾಳೆ ಎಂದು ಅವರಿಗೆ. ಇಡೀ ಬಸ್ಸು ನಗುತ್ತಿತ್ತು. ಕೊನೆಗೆ ಡ್ರೈವರ್ ನಾರಾಯಣ ನಾಯ್ಕರು ಹಿಂದಿರುಗಿ ನೋಡದೆಯೇ ಹೇಳಿದರು, "ಅವ್ರು ಇಳಿಯುದಿಲ್ಲ ಹೇಳಿದ್ದು ಮಾರಾಯ್ತಿ. ಈ ಕಡೆ ಇಲ್ಲೆ ಅಂದ್ರೆ ಇಲ್ಲ."

ನಮ್ಮ ಇಳಕಲ್ಲಿನಲ್ಲಿ "ಇಲ್ಲೇ" ಎಂದರೆ ಇದೇ ಜಾಗ. ಇಲ್ಲಿಯ ಎಷ್ಟೋ ಮನೆಗಳಲ್ಲಿ "ಇಲ್ಲೆ" ಎಂದರೆ ಇಲ್ಲ. ಅದೂ ಕನ್ನಡ, ಇದೂ ಕನ್ನಡ. ನಾನು ರಾಜ್ಯ ಬಿಟ್ಟು ಬಂದವಳಲ್ಲ. ಮುಂಜಾನೆ ಹೊರಟರೆ ಸಂಜೆಯೊಳಗೆ ಮುಟ್ಟುವಷ್ಟು ದೂರ. ಆದರೂ ಅಂದು ಟಿಕೆಟ್ ಮಷಿನ್ ಹಿಡಿದು ಬಸ್ಸಿನ ನಡುವೆ ನಿಂತಾಗ ಪರದೇಶಕ್ಕೆ ಬಂದ ಹಾಗೆ ಆಗಿತ್ತು.

ಊರಿನ ಕಡೆಯವರು ಕೇಳುತ್ತಲೇ ಇರುತ್ತಾರೆ, ಆ ಗುಡ್ಡಗಾಡಿನಲ್ಲಿ ಒಬ್ಬಳೇ ಹೆಂಗ ಇರ್ತಿ ಎಂದು. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಸಾವಿತ್ರಿ. ನಮ್ಮ ಮನೆಯವರು ಬಸವರಾಜ, ಸೀರೆ ನೇಯುತ್ತಾರೆ. ಅವರದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅದನ್ನು ಎತ್ತಿಕೊಂಡು ಬೇರೆ ಊರಿಗೆ ಹೋಗಲಾಗುವುದಿಲ್ಲ. ನನಗೆ ಈ ಕೆಲಸ ಸಿಕ್ಕಾಗ ಅವರು ಅಲ್ಲೇ ಉಳಿದರು, ನಾನು ಎರಡು ವರ್ಷದ ಮಗಳು ಗೌರಿಯನ್ನು ಎತ್ತಿಕೊಂಡು ಇತ್ತ ಬಂದೆ. ಆರು ವರ್ಷವಾಯಿತು.

ನಮ್ಮ ಕಡೆ ಬಸ್ಸು ಬರುವುದು ಎರಡು ಮೈಲಿ ಆಚೆಯಿಂದಲೇ ಕಾಣುತ್ತದೆ. ಧೂಳು ಎದ್ದಿತೆಂದರೆ ಹೆಣ್ಣುಮಕ್ಕಳು ಚೀಲ ಎತ್ತಿಕೊಳ್ಳುತ್ತಾರೆ. ಇಲ್ಲಿ ಬಸ್ಸು ಕಾಣುವುದಿಲ್ಲ, ತಿರುವಿನ ಆಚೆ ಅದರ ಸದ್ದು ಕೇಳುತ್ತದೆ. ನಮ್ಮಲ್ಲಿ ಊರೆಂದರೆ ಮನೆಗೆ ಮನೆ ಹತ್ತಿ ಒಂದೇ ಕಡೆ ಇರುವುದು. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡವಿರಬಹುದು. ಮನೆಯೇ ಕಾಣದ ಜಾಗದಲ್ಲಿ ಜನ ಇಳಿದು, ಕಾಲುದಾರಿ ಹಿಡಿದು ಎಲೆಗಳ ನಡುವೆ ಇಲ್ಲವಾಗುತ್ತಾರೆ. ಮೊದಲ ತಿಂಗಳು ಅವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂದು ನನಗೆ ನಿಜವಾಗಿ ಭಯವಾಗುತ್ತಿತ್ತು.

ಉಳಿಯಲು ಮನೆ ಹುಡುಕುವಾಗ ಸೋತೆ. ಗಂಡ ಜೊತೆಗಿಲ್ಲ, ಡ್ಯೂಟಿಗೆ ಹೊತ್ತುಗೊತ್ತಿಲ್ಲ ಎಂದು ಕೇಳಿದ ಕೂಡಲೇ ಜನ ಯೋಚಿಸಿ ಹೇಳುತ್ತೇವೆ ಎನ್ನುತ್ತಿದ್ದರು. ಕೊನೆಗೆ ಮನೆ ಕೊಡಿಸಿದವರು ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ ಶಮೀಮಾ ಬಾನು. ನಾವೆಲ್ಲ ಅವರನ್ನು ಶಮೀಮಕ್ಕ ಎನ್ನುತ್ತೇವೆ. ಅವರು ಕಂಟ್ರೋಲರ್, ಅಂದರೆ ಯಾವ ಬಸ್ಸು ಯಾವಾಗ ಬಿಡಬೇಕು, ಕೆಟ್ಟು ನಿಂತರೆ ಬದಲಿಗೆ ಯಾವುದನ್ನು ಕಳಿಸಬೇಕು ಎಂದು ನೋಡಿಕೊಳ್ಳುವವರು. ನಿವೃತ್ತ ಶಾಲಾ ಶಿಕ್ಷಕಿ ಸುಶೀಲಮ್ಮನವರ ಮನೆಗೆ ತಾವೇ ನನ್ನನ್ನು ಕರೆದುಕೊಂಡು ಹೋಗಿ, ಹಿಂದಿನ ಎರಡು ಕೋಣೆ ಕೊಡಿಸಿದರು. ನನ್ನ ಪರವಾಗಿ ಅವರು ಹೇಳಿದ್ದು ಒಂದೇ ಮಾತು, ಇವಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ದುಡಿಯುವವಳು ಎಂದು. ಸುಶೀಲಮ್ಮನವರು ನನ್ನನ್ನು ಬಿಟ್ಟು ಗೌರಿಯನ್ನು ನೋಡಿದರು. "ಕೂಸು ಎನ್ನ ಹತ್ರ ಇರ್ತು. ನೀನು ಡ್ಯೂಟಿಗೆ ಹೋಗು" ಎಂದರು.

ಊಟದ್ದೇ ಒಂದು ಕತೆ. ನನಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ. ಇಲ್ಲಿ ಮೂರು ಹೊತ್ತೂ ಅನ್ನ, ಅದರ ಜೊತೆಗೆ ತಂಬುಳಿ. ಸೊಪ್ಪನ್ನೋ ಬೇರನ್ನೋ ಕಾಯಿಯ ಜೊತೆ ಅರೆದು ತೆಳ್ಳನೆಯ ಮಜ್ಜಿಗೆಯಲ್ಲಿ ಕಲಸಿದ್ದು, ತಣ್ಣಗೆ, ಖಾರವೇ ಇಲ್ಲದ್ದು. ಮೊದಲ ದಿನ ನಾನು ಅದಕ್ಕೆ ಕೆಂಪು ಚಟ್ನಿ ಕಲಸಿಕೊಂಡದ್ದನ್ನು ನೋಡಿ ಸುಶೀಲಮ್ಮನವರು ಮುಖ ತಿರುಗಿಸಿದರು. ಎಕ್ಕಂಬಿಯ ಕಡೆಯಿಂದ ಬರುವ ಒಬ್ಬ ಹೆಣ್ಣುಮಗಳು ನನ್ನ ಮಾತು ಕೇಳಿಯೇ ಬಯಲುಸೀಮೆಯವಳೆಂದು ಗುರುತು ಹಿಡಿದು, ಮುಂದಿನ ವಾರ ಜೋಳದ ಹಿಟ್ಟಿನ ಗಂಟು ತಂದುಕೊಟ್ಟಳು. ಅಂದು ರೊಟ್ಟಿ ಬಡಿದ ಸದ್ದಿಗೆ ಸುಶೀಲಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡಿದರು. ಈಗ ತಿಂಗಳಿಗೆ ನಾಲ್ಕು ಸಲ ಅವರೇ ರೊಟ್ಟಿ ಕೇಳುತ್ತಾರೆ. ನಾನು ಬೇಸಿಗೆಯಲ್ಲಿ ತಂಬುಳಿ ಇಲ್ಲದೆ ಉಣ್ಣುವುದಿಲ್ಲ, ಅದಕ್ಕೆ ಚಟ್ನಿಯನ್ನೂ ಹಾಕಿಕೊಳ್ಳುವುದಿಲ್ಲ.

ಕೆಲಸದಲ್ಲಿ ಮಾತ್ರ ನನಗೆ ದನಿಯೇ ಇರಲಿಲ್ಲ. ಟಿಕೆಟ್ ಕೊಡುವುದು, ಸೀಟಿ ಊದುವುದು, ಲೆಕ್ಕದ ಹಾಳೆ ತುಂಬಿಸಿ ಮನೆಗೆ ಹೋಗುವುದು. ಯಾರಾದರೂ ದೊಡ್ಡ ದನಿ ಮಾಡಿದರೆ ತಪ್ಪು ನನ್ನದೇ ಎಂದು ಒಪ್ಪಿಕೊಂಡು ಮುಗಿಸುತ್ತಿದ್ದೆ. ಶಮೀಮಕ್ಕ ಇದನ್ನು ನೋಡುತ್ತಿದ್ದರು.

ಅವರು ಯಲ್ಲಾಪುರದವರು, ಲಾರಿ ಡ್ರೈವರ್ ಒಬ್ಬರ ಮಗಳು. ಅಪ್ಪ ಘಟ್ಟ ಇಳಿದು ಹತ್ತಿ ಬಂದು ಊಟಕ್ಕೆ ಕೂತಾಗ ಹೇಳುತ್ತಿದ್ದ ರಸ್ತೆಗಳ ಹೆಸರು ಕೇಳಿಯೇ ಅವರಿಗೆ ಈ ಸೀಮೆಯ ನಕ್ಷೆ ಬಾಯಿಪಾಠವಾಗಿತ್ತು. ಕಂಡಕ್ಟರಾಗಿ ಹನ್ನೆರಡು ವರ್ಷ ದುಡಿದ ಮೇಲೆ ಆ ಗಾಜಿನ ಕೋಣೆಗೆ ಬಂದರಂತೆ. ಶುರುವಿನಲ್ಲಿ ಜನ ಕಿಂಡಿಯಲ್ಲಿ ಬಗ್ಗಿ, ಸಾಹೇಬರು ಎಲ್ಲಿ ಎಂದು ಕೇಳುತ್ತಿದ್ದರು. ನಾನೇ, ಹೇಳಿ ಎನ್ನುತ್ತಿದ್ದರು. ಅದನ್ನು ಸಾವಿರ ಸಲವಾದರೂ ಹೇಳಿರಬೇಕು, ಒಂದು ಸಲವೂ ಸಿಟ್ಟಿನಿಂದ ಹೇಳಲಿಲ್ಲ ಎಂದು ಹಳಬರು ಹೇಳುತ್ತಾರೆ. ಅವರು ಕೂಗಾಡಿದ್ದನ್ನು ನಾನೂ ಕಂಡಿಲ್ಲ. ಬಸ್ಸು ತಡವಾಗಿ ಜನ ಕಿಂಡಿಗೆ ಮುತ್ತಿದಾಗ ಮೊದಲು ಎಲ್ಲರಿಗೂ ಕೇಳುವಂತೆ ನಿಜ ಹೇಳುತ್ತಾರೆ, ಇಂಥ ಬಸ್ಸು ಇಂಥಲ್ಲಿ ನಿಂತಿದೆ, ಇನ್ನು ಮುಕ್ಕಾಲು ಗಂಟೆ ಎಂದು. ಆಮೇಲೆ ಒಬ್ಬೊಬ್ಬರಿಗೂ ಯಾವ ಊರಿಗೆ ಹೋಗಬೇಕು ಎಂದು ಕೇಳುತ್ತಾರೆ. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ಡ್ಯೂಟಿ ಮುಗಿಸಿ ಬಂದ ಹೆಂಗಸರನ್ನು ಅವರು ಹತ್ತು ನಿಮಿಷ ಕೂರಿಸಿಕೊಳ್ಳುತ್ತಿದ್ದರು. ಇಂದು ದಾರಿಯಲ್ಲಿ ಏನು ಕಂಡೆ ಎಂದು ಕೇಳುತ್ತಿದ್ದರು. ಏನೂ ಇಲ್ಲ ಎಂದರೆ ಒಪ್ಪುತ್ತಿರಲಿಲ್ಲ. ಹಾಗೆ ಒಂದು ದಿನ ನನ್ನ ಬಾಯಿಂದ ಆ ಹುಡುಗಿಯರ ವಿಷಯ ಬಂತು.

ನಾಯ್ಕರೂ ನಾನೂ ಮುಂಜಾನೆ ಐದೂಮುಕ್ಕಾಲಕ್ಕೆ ಡಿಪೋ ಬಿಡುತ್ತಿದ್ದೆವು. ಸಿದ್ದಾಪುರ ದಾಟಿ ಒಂದು ಹಳ್ಳಿಗೆ ಹೋಗಿ, ಅಲ್ಲಿ ಚಹಾ ತಿಂಡಿ ಮುಗಿಸಿ, ಏಳೂಮುಕ್ಕಾಲಕ್ಕೆ ಅಲ್ಲಿಂದ ಶಿರಸಿಗೆ ವಾಪಸು ಹೊರಡುವುದು. ಆ ದಾರಿಯಲ್ಲಿ ಹದಿನಾಲ್ಕು ಹುಡುಗಿಯರು ಶಿರಸಿಯ ಕಾಲೇಜಿಗೆ ಹೋಗಲು ಹತ್ತುತ್ತಿದ್ದರು. ಹೆಂಗಸರ ಪ್ರಯಾಣ ಉಚಿತವಾದ ಮೇಲೆ ಆ ಬಸ್ಸು ಬಾಗಿಲವರೆಗೆ ತುಂಬುತ್ತದೆ, ಪ್ರತಿ ನಿಲುಗಡೆಯಲ್ಲಿ ಹೊತ್ತು ಹಿಡಿಯುತ್ತದೆ. ಕಾಲೇಜಿನ ಗಂಟೆ ಹೊಡೆದು ಕಾಲು ತಾಸಾದ ಮೇಲೆ ನಾವು ನಿಲ್ದಾಣ ಮುಟ್ಟುತ್ತಿದ್ದೆವು. ಅವರಿಗೆ ಮೊದಲ ಪಾಠ ದಿನವೂ ತಪ್ಪುತ್ತಿತ್ತು. ಮೊದಲ ಪಾಠ ಗಣಿತವಂತೆ. ಒಬ್ಬಳು ನನಗೆ ಹೇಳಿದ್ದಳು, ತಾನು ಮುಂದಿನ ವರ್ಷ ಓದು ಬಿಡುವುದೇ ಸರಿ ಎಂದು ಮನೆಯಲ್ಲಿ ಮಾತಾಗಿದೆ ಎಂದು.

ಶಮೀಮಕ್ಕ ಕೇಳಿ, ಹಾಗಾದರೆ ಎಂತ ಮಾಡಬಹುದು ಎಂದು ನನ್ನನ್ನೇ ಕೇಳಿದರು. ಬಸ್ಸು ಇಪ್ಪತ್ತೈದು ನಿಮಿಷ ಮೊದಲು ಬಿಟ್ಟರೆ ಆದೀತು ಎಂದೆ. ಅವರು ಹೇಳಿ ಸರಿಮಾಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ನೋಟುಪುಸ್ತಕ ಕೊಟ್ಟು, ಒಂದು ತಿಂಗಳು ಬರೆದಿಡು, ಆಮೇಲೆ ಡಿಪೋದ ಸಭೆಯಲ್ಲಿ ನೀನೇ ಹೇಳು ಎಂದರು. ಯಾವ ನಿಲುಗಡೆಯಲ್ಲಿ ಎಷ್ಟು ಜನ, ಎಷ್ಟು ಹೊತ್ತು, ಯಾರು ಯಾಕೆ ಹೋಗುತ್ತಾರೆ, ಎಲ್ಲ ಬರೆದೆ. ವಾರದ ರಜೆಯಲ್ಲಿ ಪ್ರಯಾಣಿಕಳಾಗಿ ಅದೇ ಬಸ್ಸಿನಲ್ಲಿ ಹೋಗಿ ಬಂದೆ. ಆಸ್ಪತ್ರೆಗೆ ಬರುವ ಮುದುಕರಿಗೆ, ಶಿರಸಿಯಲ್ಲಿ ಬಸ್ಸು ಬದಲಿಸಿ ಸ್ವರ್ಣವಲ್ಲಿ ಮಠದ ಕಡೆ ಹೋಗುವವರಿಗೆ ಬೇಗ ಹೊರಟರೆ ತೊಂದರೆಯೇ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಯಾರಿಗೂ ತೊಂದರೆ ಇರಲಿಲ್ಲ.

ಆದರೆ ಸಭೆಯಲ್ಲಿ ಎದ್ದು ನಿಂತಾಗ ಡಿಪೋ ಮ್ಯಾನೇಜರ್ ಸಾಹೇಬರು ಎದುರಿಗೆ, ಸುತ್ತ ನಲವತ್ತು ಗಂಡಸರು. ನಾನು ನೋಟುಪುಸ್ತಕ ತೆರೆಯಲೇ ಇಲ್ಲ. "ದಯಮಾಡಿ... ಹುಡ್ಗ್ಯಾರಿಗೆ ಭಾಳ ತ್ರಾಸ ಆಗ್ತೈತ್ರಿ... ಆದ್ರ ನೋಡ್ರಿ" ಎಂದಷ್ಟೇ ಬಂತು. ಹಿಂದಿನಿಂದ ಯಾರೋ ನನ್ನ ಮಾತಿನ ಧಾಟಿಯನ್ನೇ ಹಿಡಿದು ಅಣಕಿಸಿದರು. ನಾಯ್ಕರು ಎದ್ದು, ಈಗ ಇರುವ ಸಮಯವೇ ಸರಿ ಇದೆ, ಬದಲಾಯಿಸಿದರೆ ತಾನು ಆ ಬಸ್ಸು ಓಡಿಸುವುದಿಲ್ಲ ಎಂದು ಕೂತರು. ನೋಡೋಣ ಎಂದು ಸಾಹೇಬರು ಮುಂದಿನ ವಿಷಯಕ್ಕೆ ಹೋದರು.

ನಾನು ನೇರವಾಗಿ ಗಾಜಿನ ಕೋಣೆಗೆ ಹೋಗಿ ಪುಸ್ತಕ ಮೇಜಿನ ಮೇಲಿಟ್ಟೆ. "ಅಕ್ಕಾ, ನನ್ನಿಂದ ಆಗೂದಿಲ್ರಿ. ನಾ ಟಿಕೀಟ ಹರಿಯಾಕಷ್ಟ ಲಾಯಕ್ಕ."

ಅವರು ಎರಡು ಬಸ್ಸು ಬಿಟ್ಟ ಮೇಲೆ ನನ್ನ ಕಡೆ ತಿರುಗಿದರು. "ನೀನು ಅಲ್ಲಿ ಬೇಡಿಕೊಂಡೆ ಸಾವಿತ್ರಿ. ಕೆಲ್ಸದ ಮಾತು ಬೇಡಿಕೊಳ್ಳುದಲ್ಲ, ಹೇಳುದು. ನಿನ್ನ ಪುಸ್ತಕದಲ್ಲಿ ಎಲ್ಲಾ ಉಂಟು. ಒಂದೇ ಇಲ್ಲ. ನಾಯ್ಕರು ಯಾಕೆ ಬೇಡ ಅಂದ್ರು ಅಂತ ನೀನು ಕೇಳಿದ್ಯಾ?"

ಕೇಳಿರಲಿಲ್ಲ. ಎಲ್ಲ ಪ್ರಯಾಣಿಕರನ್ನೂ ಕೇಳಿದ್ದೆ, ದಿನವೂ ನನ್ನ ಮುಂದೆಯೇ ಕೂತು ಬಸ್ಸು ಓಡಿಸುವವರನ್ನು ಕೇಳಿರಲಿಲ್ಲ. ಅವರಿಗೆ ಹುಡುಗಿಯರ ಓದಿನ ಬಗ್ಗೆ ಉದಾಸೀನ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಮರುದಿನ ಹಳ್ಳಿಯಲ್ಲಿ ಬಸ್ಸು ನಿಂತಾಗ ಕೇಳಿದೆ. ನಾಯ್ಕರು ಚಹಾದ ಕಪ್ಪು ಕೆಳಗಿಟ್ಟರು. ಆಮೇಲೆ ಹೇಳಿದರು. ಅವರಿಗೆ ಹೊಟ್ಟೆಯ ಹುಣ್ಣು. ಬೆಳಿಗ್ಗೆ ಎಂಟರ ಒಳಗೆ ಬಿಸಿ ತಿಂಡಿ ಬೀಳದಿದ್ದರೆ ದಿನವಿಡೀ ಉರಿ. ಅಲ್ಲಿ ಇರುವುದು ಒಂದೇ ಹೋಟೆಲು, ಅದರ ಒಲೆ ಹತ್ತುವುದು ಏಳಕ್ಕೆ, ತಿಂಡಿ ಆಗುವುದು ಏಳೂವರೆಗೆ. ಇಪ್ಪತ್ತೈದು ನಿಮಿಷ ಮೊದಲಾದರೆ ಬರಿಹೊಟ್ಟೆಯಲ್ಲೇ ಹೊರಡಬೇಕು. "ಅಷ್ಟು ಜನರ ಎದುರು ಹೊಟ್ಟೆನೋವು ಅಂತ ಹೇಳ್ಕಂಡು ನಿಲ್ಲುಕೆ ಆಗ್ತದಾ?" ಎಂದರು. ನಲವತ್ತು ಜನರ ಮುಂದೆ ಮಾತಾಡಲು ನಾನೊಬ್ಬಳೇ ಹೆದರುವವಳು ಎಂದುಕೊಂಡಿದ್ದೆ.

ಹೋಟೆಲು ನಡೆಸುವವರು ಲಲಿತಕ್ಕ ಎಂಬ ಹೆಂಗಸು. ಅವರ ಬಳಿ ಹೋಗಿ, ಒಲೆ ಅರ್ಧ ತಾಸು ಮೊದಲು ಹಚ್ಚಲಾಗುತ್ತದೆಯೇ ಎಂದು ಕೇಳಿದೆ. ಯಾಕೆ ಎಂದರು. ಹುಡುಗಿಯರ ಕಾಲೇಜಿನ ವಿಷಯ ಹೇಳಿದೆ. ಅವರು ದೋಸೆಯ ಸೌಟು ಕೆಳಗಿಟ್ಟು ನನ್ನನ್ನು ನೋಡಿದರು. ಓದು ಬಿಡುವ ಮಾತಾಗಿದೆ ಎಂದಿದ್ದ ಹುಡುಗಿ ಅವರ ಮಗಳೇ ಆಗಿದ್ದಳು. "ಇದನ್ನ ಕೇಳುಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?" ಎಂದಷ್ಟೇ ಅಂದರು.

ಮುಂದಿನ ಸಭೆಯಲ್ಲಿ ನಾನು ಪುಸ್ತಕ ತೆರೆದು ಓದಿದೆ. ನಮ್ಮ ಕಡೆಯ ಧಾಟಿಯಲ್ಲೇ ಓದಿದೆ, ಬೇರೆ ಧಾಟಿ ನನಗೆ ಬರುವುದಿಲ್ಲ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ಎಷ್ಟು ನಿಮಿಷ, ಎಷ್ಟಕ್ಕೆ ಮುಟ್ಟುತ್ತೇವೆ ಎಂದು ಹೇಳಿ, ಇದನ್ನು ಒಂದು ತಿಂಗಳು ನಡೆಸಿ ನೋಡಬೇಕು ಎಂದು ಕೂತೆ. ಸಾಹೇಬರು ನಾಯ್ಕರ ಕಡೆ ನೋಡಿದರು. ನಾಯ್ಕರು ಎದ್ದು, ತನ್ನದೇನೂ ತಕರಾರಿಲ್ಲ, ಸಾವಿತ್ರಿ ಹೇಳಿದ ಹಾಗೆ ಆಗಲಿ ಎಂದರು. ಹೊಟ್ಟೆಯ ಹುಣ್ಣಿನ ಸುದ್ದಿ ಯಾರಿಗೂ ತಿಳಿಯಲಿಲ್ಲ. ಈಗ ಬರೆಯುವ ಮೊದಲು ಅವರನ್ನು ಕೇಳಿಯೇ ಬರೆದಿದ್ದೇನೆ. ಅವರು ನಿವೃತ್ತರು, ನಕ್ಕು ಬರೆ ಎಂದರು.

ಹೊಸ ಸಮಯದ ಮೊದಲ ದಿನ ನಾವು ಕಾಲೇಜಿನ ಗಂಟೆಗೆ ಹತ್ತು ನಿಮಿಷ ಮೊದಲು ಮುಟ್ಟಿದೆವು. ದಿನವೂ ಬಸ್ಸಿಳಿದು ಓಡುತ್ತಿದ್ದ ಹುಡುಗಿಯರು ಅಂದು ಏನು ಮಾಡಬೇಕೆಂದು ತಿಳಿಯದೆ ನಿಲ್ದಾಣದಲ್ಲಿ ಸುಮ್ಮನೆ ನಿಂತಿದ್ದರು. ಆಮೇಲೆ ಮಾತಾಡುತ್ತ ನಿಧಾನವಾಗಿ ನಡೆದುಕೊಂಡು ಹೋದರು. ಅವರು ಹಾಗೆ ನಡೆದದ್ದನ್ನು ನಾನೂ ಶಮೀಮಕ್ಕನೂ ಗಾಜಿನ ಈಚೆಯಿಂದ ನೋಡಿದೆವು.

ಅಲ್ಲಿಂದ ಮುಂದೆ ಶಮೀಮಕ್ಕ ನನ್ನನ್ನು ಬಿಡಲಿಲ್ಲ. ಡ್ಯೂಟಿ ಮುಗಿದ ಮೇಲೆ ಅರ್ಧ ತಾಸು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಸ್ಟೂಲಿನ ಮೇಲೆ ಕೂತು, ಬಸ್ಸು ಬಿಡುವುದನ್ನು ಕಲಿಸಿದರು. ನನಗೊಬ್ಬಳಿಗೇ ಅಲ್ಲ, ಕಲಿಯುತ್ತೇನೆ ಎಂದ ಯಾವ ಹೆಂಗಸಿಗೂ. ತಪ್ಪು ಮಾಡಿದರೆ ತಡೆಯುತ್ತಿರಲಿಲ್ಲ, ಆಮೇಲೆ ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತಿದ್ದರು. ನನ್ನ ಉತ್ತರ ಸರಿ ಇದ್ದರೆ ತಾವೇ ಅದನ್ನು ಕಲಿತುಕೊಳ್ಳುತ್ತಿದ್ದರು. ಹಾಗೆ ಕಲಿಯುವ ಮೇಲಧಿಕಾರಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೈಕಿನಲ್ಲಿ ಮೊದಲ ಸಲ "ಎಕ್ಕಂಬಿ ಬಸ್ ಹೊಂಟೈತ್ರಿ, ಲಗೂನ ಬರ್ರಿ" ಎಂದಾಗ ಜನ ತಲೆಯೆತ್ತಿ ನೋಡಿದರು. ನಾನು ತಿದ್ದಿಕೊಳ್ಳಲು ಹೋದೆ. "ಹಾಗೇ ಹೇಳು. ಬಸ್ಸು ಹೊರಟಿದ್ದು ಎಲ್ಲರಿಗೂ ತಿಳೀತಲ್ಲ" ಎಂದರು ಶಮೀಮಕ್ಕ.

ಕಳೆದ ವರ್ಷ ಅವರಿಗೆ ಬಡ್ತಿ ಬಂತು. ಯಲ್ಲಾಪುರದ ಕಡೆ ರಸ್ತೆಯ ಮೇಲೆ ಬಸ್ಸುಗಳನ್ನು ತಪಾಸಣೆ ಮಾಡುವ ಅಧಿಕಾರಿಯಾಗಿ ಹೋದರು. ಹೋಗುವ ಮೊದಲು, ಆ ಕುರ್ಚಿಗೆ ಸದ್ಯಕ್ಕೆ ನನ್ನನ್ನು ಕೂರಿಸಬಹುದು ಎಂದು ಬರೆದುಕೊಟ್ಟಿದ್ದರು. ಹಾಗೆ ನಾನು ಪ್ರಭಾರ ಕಂಟ್ರೋಲರ್ ಆದೆ. ಅವರ ಹಾಗೆಯೇ ನಾನೂ ಈಗ ಡ್ಯೂಟಿ ಮುಗಿಸಿ ಬರುವ ಹೆಂಗಸರನ್ನು ಹತ್ತು ನಿಮಿಷ ಕೂರಿಸಿಕೊಳ್ಳುತ್ತೇನೆ. ಇಬ್ಬರು ಈಗಾಗಲೇ ನನಗಿಂತ ಚೆನ್ನಾಗಿ ಬಸ್ಸು ಬಿಡುತ್ತಾರೆ.

ಆಗಲೇ ಊರಿನಿಂದ ಸುದ್ದಿ ಬಂತು. ನಮ್ಮ ಕಡೆ ಕಂಡಕ್ಟರ್ ಕೆಲಸದಲ್ಲಿರುವ ಸಿದ್ದಾಪುರದ ಹುಡುಗಿಯೊಬ್ಬಳು ತನ್ನೂರಿಗೆ ಮರಳಬೇಕೆಂದಿದ್ದಾಳೆ, ನಾನು ಒಪ್ಪಿದರೆ ಇಬ್ಬರೂ ಜಾಗ ಬದಲಿಸಿಕೊಳ್ಳಬಹುದು ಎಂದು. ಬಸವರಾಜರು ಅವಳನ್ನು ಮಾತಾಡಿಸಿ, ಅರ್ಜಿಯನ್ನೂ ತರಿಸಿಟ್ಟಿದ್ದರು. ಆರು ವರ್ಷದಿಂದ ನಾವು ಕಾದದ್ದು ಅದಕ್ಕೇ. ಆದರೆ ಅಲ್ಲಿ ಹೋದರೆ ನಾನು ಮತ್ತೆ ಕಂಡಕ್ಟರ್. ಅದರಲ್ಲಿ ಅವಮಾನವೇನಿಲ್ಲ, ಆದರೆ ಕಲಿತದ್ದನ್ನು ಅಷ್ಟು ಬೇಗ ಇಳಿಸಿಟ್ಟು ಹೋಗಲು ಮನಸ್ಸಾಗಲಿಲ್ಲ. ಶಮೀಮಕ್ಕನಿಗೆ ಫೋನ್ ಮಾಡಿದೆ. ಇದರಲ್ಲಿ ತಾನು ಏನೂ ಹೇಳುವುದಿಲ್ಲ ಎಂದರು ಅವರು. ಮೂರು ದಿನ ಯೋಚಿಸಿ, ಎರಡು ವರ್ಷ ತಡೆಯೋಣ ಎಂದು ಗಂಡನಿಗೆ ಹೇಳಿದೆ. ಅವರು ಆಯಿತು ಎಂದರು. ಆಮೇಲೆ ಗೌರಿಗೆ ಫೋನ್ ಕೊಡು ಎಂದರು. ಗೌರಿ, "ಅಪ್ಪಾ, ಆನು ಶಾಲೆಗೆ ಹೋಗ್ತೆ" ಎಂದು ಇಟ್ಟುಬಿಟ್ಟಳು. ಸುಶೀಲಮ್ಮನವರ ಮಡಿಲಲ್ಲಿ ಬೆಳೆದ ಮಾತು ಅದು. ಅಂದು ಮಧ್ಯಾಹ್ನ ಬಸವರಾಜರು ಮತ್ತೆ ಫೋನ್ ಮಾಡಿ, ಆನು ಅಂದರೆ ಏನು ಎಂದು ಕೇಳಿದರು. ನಾನು ಎಂದರ್ಥ ಎಂದೆ. ಅವರು ಆ ಮಾತನ್ನು ಒಮ್ಮೆ ತಾವೂ ಹೇಳಿ ನೋಡಿ ಫೋನ್ ಇಟ್ಟರು.

ಎರಡು ವಾರವಾದ ಮೇಲೆ ಒಂದು ದಿನ, ಮಧ್ಯಾಹ್ನದ ಗದ್ದಲ ಇಳಿದಾಗ, ಗಾಜಿನ ಆಚೆ ಸಿಮೆಂಟಿನ ಬೆಂಚಿನ ಮೇಲೆ ಬಸವರಾಜರು ಕೂತಿದ್ದು ಕಂಡಿತು. ಚೀಲ ತೊಡೆಯ ಮೇಲಿತ್ತು. ಹೇಳದೇ ಬಂದಿದ್ದರು. ಮಗ್ಗ ನಿಲ್ಲಿಸಿ ಅವರು ಇಲ್ಲಿಗೆ ಬಂದದ್ದು ಅದೇ ಮೊದಲು. ಯಾವಾಗ ಬಂದಿರಿ, ಯಾಕೆ ಕರೆಯಲಿಲ್ಲ ಎಂದು ಓಡಿಹೋಗಿ ಕೇಳಿದೆ.

"ಎರಡ ತಾಸಾತು" ಎಂದರು. "ನೀ ಬಿಟ್ಟು ಬರಲಾರದ್ದು ಏನೈತಿ ಅಂತ ನೋಡಾಕ ಬಂದೆ. ಕುಂತು ಕೇಳಿದೆ. ಭಾಳ ಚಂದ ಕರೀತಿ ಸಾವಿತ್ರಿ. ಜನಾ ನಿನ್ನ ಮಾತ ಕೇಳಿ ಎದ್ದು ಹೊಂಟ್ರು. ಸಿದ್ದಾಪುರ ಬಂತು, ಯಲ್ಲಾಪುರ ಬಂತು, ಎಲ್ಲಾ ಊರಿನ ಹೆಸರ ಬಂತು. ನಮ್ಮೂರಿನದಷ್ಟ ಬರಲಿಲ್ಲ."

ಅವರು ದೂರುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳಿದರು. ಎರಡು ದಿನ ಇದ್ದರು. ಸುಶೀಲಮ್ಮನವರ ಕೈಯ ತಂಬುಳಿ ಉಂಡು, ಮೊದಲ ದಿನದ ನನ್ನ ಹಾಗೆಯೇ ಚಟ್ನಿ ಕಲಸಿಕೊಳ್ಳಲು ಕೇಳಿದರು. ಮಗಳು ಕಲಿಸಿದ ನಾಲ್ಕು ಮಾತು ಕಲಿತರು. ಮತ್ತೆ ಅರ್ಜಿಯ ಮಾತೆತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವರು ಹೊರಡುವಾಗ ನಾನು ಡ್ಯೂಟಿಯಲ್ಲಿದ್ದೆ. ನಮ್ಮೂರಿಗೆ ಆ ಹೊತ್ತಿಗೆ ನೇರ ಬಸ್ಸಿಲ್ಲ. ಹುಬ್ಬಳ್ಳಿಯ ಬಸ್ಸು ಬಂದು ನಿಂತಿತು. ಮೈಕು ಹಿಡಿದೆ. ಹುಬ್ಬಳ್ಳಿ ಬಸ್ಸು ಹೊರಟಿದೆ ಎಂದ ಮೇಲೆ, ದಿನವೂ ಹೇಳದ ಒಂದು ಮಾತನ್ನು ಸೇರಿಸಿದೆ. "ಇಳಕಲ್ಲಿಗೆ ಹೋಗೋರು ಇದಕ್ಕ ಹತ್ರಿ, ಹುಬ್ಬಳ್ಳಿಯೊಳಗ ಬಸ್ ಬದಲಿ ಮಾಡ್ರಿ."

ಇಳಕಲ್ಲಿಗೆ ಹೋಗುವವರು ಒಬ್ಬರೇ ಇದ್ದರು. ಕಿಟಕಿಯಿಂದ ನನ್ನ ಕಡೆ ಕೈ ಎತ್ತಿದರು. ಹೊರಗೆ ಹೋಗಿ ಬಸ್ಸಿನ ಬಳಿ ಒಂದು ಗಳಿಗೆ ನಿಲ್ಲಬೇಕೆಂದು ಎದ್ದೆ. ಅಷ್ಟರಲ್ಲಿ ಸಿದ್ದಾಪುರದ ಬಸ್ಸು ಒಳಗೆ ಬಂದು ನಿಂತಿತು, ಜನ ಕಿಂಡಿಯ ಕಡೆ ನೋಡತೊಡಗಿದರು. ಅದನ್ನೂ ಕರೆಯಬೇಕಿತ್ತು. ಕರೆದೆ.